ಮೈಬಿಸಿಯಲ್ಲೇ ತರತಕ್ಕದ್ದು

ಸಂಯಮ ಎರಡು ದಿನಕ್ಕೆ ಕಡಿಮೆ ಬೇಡ, ಏಳು ಮೀರಬಾರದು,
ತೆಗೆದ ಗಂಟೆಯೊಳಗೆ, ಮೈಬಿಸಿಯಲ್ಲೇ ತರತಕ್ಕದ್ದು.
ಚೀಟಿ ಅಚ್ಚು ಹಾಕಿಸಿದವರಿಗೆ
ಉಲಾನ್‌ಬಾತರಿನ ಜನವರಿ ಗೊತ್ತಿರಲಿಲ್ಲ.
ಇವತ್ತು ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಊರಿಗೆ ಊರೇ ಕಲ್ಲಿದ್ದಲ ಹೊಗೆ ಹೊದ್ದು ಮಲಗಿದೆ.

ಕಿಟಕಿಯಾಚೆ ಒಬ್ಬ. ಹುಬ್ಬಿನ ಮೇಲೆ ಹಿಮ.
ಹೆಸರು ಚೋಯ್ಜಿಲ್, ವಯಸ್ಸು ಮೂವತ್ತಾರು,
ಗುಡ್ಡದ ಮೇಲಿನ ಗುಡಾರದಿಂದ ಬಸ್ಸು, ಬಸ್ಸು ನಿಂತಲ್ಲಿಂದ ಓಟ.
ನಿಲುವಂಗಿಯ ಗುಂಡಿ ಬಿಚ್ಚಿ, ಕುರಿತೊಗಲಿನ ಒಳಗೆ,
ಅಂಗಿಯ ಒಳಗೆ, ಎಡ ಕಂಕುಳಿಂದ
ಡಬ್ಬಿ ತೆಗೆದು ನನ್ನ ಕೈಗಿಟ್ಟ.
ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ.

"ಐವತ್ತೆರಡು ನಿಮಿಷ" ಅಂದ.
ಡಬ್ಬಿ ಬೆಚ್ಚಗಿತ್ತು.
"ಚಳಿ ಮುಗಿಯೋ ಮುಂಚೆ ಹುಟ್ಟಿದ ಮರಿಗಳನ್ನ ಹೀಗೇ ತರ್ತಿದ್ವಿ,
ಮೈಲಿಗಟ್ಟಲೆ. ಒಂದೂ ಸಾಯ್ಲಿಲ್ಲ."
ಆಮೇಲೆ, ಸುಳ್ಳು ಹೇಳಬಾರದೆಂದು,
"ಒಂದೆರಡು ಸತ್ವು."

ಅವನ ಹೆಂಡತಿ ಸೊಲೊಂಗೊಳ ಕಡತ ನನಗೆ ಗೊತ್ತು:
ನಾಲ್ಕು ವರ್ಷ, ರಕ್ತ, ಸ್ಕ್ಯಾನು, ನಳಿಕೆಗೆ ಬಣ್ಣ ಬಿಟ್ಟ ಚಿತ್ರ,
ಲಾಮಾ ಕೊಟ್ಟ ಬೂದಿಯ ಪೊಟ್ಟಣವೂ ಅದರಲ್ಲೇ ಎಲ್ಲೋ.
ಇಷ್ಟು ದಪ್ಪ. ಅವನದು ಇವತ್ತು ಶುರು, ಒಂದೇ ಹಾಳೆ.

ಅರ್ಧ ಗಂಟೆ ಅದು ನೀರಾಗಬೇಕು. ಕಾದೆವು,
ನಾನು ಒಳಗೆ, ಅವನು ಬೆಂಚಿನ ಮೇಲೆ.
"ಗಂಡುಕುದುರೆ ಎರಡು ವರ್ಷ ಸೋತ್ರೆ ಮಾರ್ತಿದ್ವಿ" ಅಂತ
ಯಾರಿಗೋ ಹೇಳಿದ. ಬೆಂಚಿನಲ್ಲಿ ಬೇರೆ ಯಾರೂ ಇರಲಿಲ್ಲ.

ಗಾಜಿನ ಮೇಲೆ ಒಂದು ಹನಿ. ಕೆಳಗೆ ಚೌಕುಳಿ ಚೌಕುಳಿ ಗೆರೆ.
ನನ್ನಪ್ಪ ವರ್ಷದ ಕೊನೆಗೆ ಜಿಲ್ಲೆಯ ದನಕುರಿ ಎಣಿಸುತ್ತಿದ್ದ ಗುಮಾಸ್ತ:
ಗೆರೆ ಮೇಲೆ ನಿಂತದ್ದನ್ನು ಒಂದೇ ಕಡೆ ಲೆಕ್ಕಕ್ಕೆ ಹಿಡಿ,
ಎಣಿಸುವಾಗ ಯಾರ ಮುಖವನ್ನೂ ನೋಡಬೇಡ.
ಹೆಬ್ಬೆರಳ ಕೆಳಗೆ ಯಂತ್ರ ಟಿಕ್ಕೆನ್ನುತ್ತದೆ.
ಇದು ಓಡುತ್ತಿದೆ. ಇದು ನಿಂತಲ್ಲೇ ಗಿರಗಿರ.
ಇದಕ್ಕೆ ಎರಡು ತಲೆ. ಇದು ಬಾಲ ಸುತ್ತಿ ಮಲಗಿದೆ.
ಟಿಕ್. ಬಹಳ ಹೊತ್ತು ಏನೂ ಇಲ್ಲ, ಬರೀ ಬಯಲು.
ಟಿಕ್.

ಇನ್ನೊಂದು ಹನಿ ತೆಗೆದು ಮತ್ತೆ ಎಣಿಸಿದೆ. ನಿಯಮ ಅದು.
ಮೂರನೆಯದನ್ನೂ ಎಣಿಸಿದೆ. ಅದು ನಿಯಮವಲ್ಲ.

ಸಂಖ್ಯೆ ಹೇಳುವುದು ವೈದ್ಯರ ಕೆಲಸ; ಮೂರು ವಾರ ಬಿಟ್ಟು ಇನ್ನೊಮ್ಮೆ ಬನ್ನಿ,
ಒಂದೇ ಸಲಕ್ಕೆ ಏನೂ ತೀರ್ಮಾನವಾಗುವುದಿಲ್ಲ ಎಂದೆ.
ಎಷ್ಟು ಎಂದು ಅವನು ಕೇಳಲಿಲ್ಲ.
"ಜೀವ ಇತ್ತಾ?" ಅಂದ.
ಹೇಳುವಂತಿಲ್ಲ.
"ಚಳಿಗೆ ಸತ್ತದ್ದು ಒಂದೂ ಇಲ್ಲ" ಅಂದೆ.

ಟೊಪ್ಪಿಗೆ ಹಾಕಿಕೊಂಡ, ಗುಂಡಿ ಹಾಕಿಕೊಂಡ, ಬಾಗಿಲು ತಳ್ಳಿದ,
ಎಲ್ಲ ಬಲಗೈಯಲ್ಲೇ.
ಎಡ ಮೊಳಕೈಯನ್ನು ಇನ್ನೂ
ಪಕ್ಕೆಗೆ ಅವುಚಿಕೊಂಡೇ ಇದ್ದ.