ನೀಲಿ

ಎರಡು ದೀಪ ತಂದಿದ್ದೇನೆ, ಒಪ್ಪಿಗೆಯಾದರಷ್ಟೇ ದುಡ್ಡು.
ಒಂದು ಬೆಳ್ಳಗೆ, ಮಟಮಟ ಮಧ್ಯಾಹ್ನ.
ಇನ್ನೊಂದು ನೀಲಿ:
ಹಚ್ಚಿದ್ದೇ ತಡ, ಉಗುರಿನಷ್ಟು ಹವಳ
ಹಸಿರು ಕೆಂಡ.

ಹೆಲ್ವಿ ರಾತ್ರಿಪಾಳಿ ಮುಗಿಸಿ ಬಂದಳು,
ಬೂಟಿನ ಹಿಮ ಕೊಡವುತ್ತ.
"ನೀಲಿ ಬೇಡ, ಟಾನೆಲ್.
ವಾರ್ಡಿನಲ್ಲಿ ತುಟಿ ಈ ಬಣ್ಣಕ್ಕೆ ತಿರುಗಿದರೆ
ನಾನು ಓಡುತ್ತೇನೆ."

ಕೆಲ್ವಿನ್ ಎಂದೆ, ವ್ಯಾಟ್ ಎಂದೆ,
ಹತ್ತು ಮಾರು ಆಳದಲ್ಲಿ ಕೆಂಪು ಸಾಯುತ್ತದೆ,
ಉಳಿಯುವುದು ನೀಲಿಯೇ ಎಂದುಬಿಟ್ಟೆ.
ನಾಲಿಗೆ ಕಚ್ಚಿಕೊಂಡೆ.
ಅವಳು ಕೋಟು ಬಿಚ್ಚದೆ
ಗಾಜಿಗೆ ಮೂಗು ತಾಗಿಸಿ ನಿಂತಳು, ತುಂಬ ಹೊತ್ತು.

"ಬಾಯಿ ತೆರೀತಿದೆ, ನೋಡು."

ಟಾಲಿನ್ನಿಗೆ ಇನ್ನೂ ಬೆಳಗಾಗಿಲ್ಲ.
ಹವಳ ಸುಡದಂತೆ ಮೂವತ್ತು ಶೇಕಡಕ್ಕೆ ಇಳಿಸಿದೆ.
ಸೂರ್ಯೋದಯ: ಅವಳು ಮನೆ ಸೇರುವ ಏಳೂವರೆಗೆ.
ಬಿಳಿಯದನ್ನು ನಾಳೆ ಹಿಂದಿರುಗಿಸಬೇಕು,
ಅದರ ಡಬ್ಬ ಎಲ್ಲಿಟ್ಟೆನೋ.