ಹಾರ್ಲಿಕ್ಸ್ ಬಾಟಲಿ

ಬಿಎಸ್ಸಿ ಅಂದೆ. ಯಾವುದರಲ್ಲಿ ಅಂದರು.
ಫೊರೆನ್ಸಿಕ್ ಅಂದೆ.
ಪಕ್ಕದ ಭಟ್ಟಿಯ ಜೈತುನ್ ಚಿಕ್ಕಮ್ಮ
ಮೊರ ಕೆಳಗಿಟ್ಟು ಕೇಳಿದಳು:
'ಹೆಣ ಕೊಯ್ಯಾದಾ?'
ಅಲ್ಲ, ಕೊಯ್ಯೋರು ಬೇರೆ.
ಆಮೇಲೆ ಉಳಿದದ್ದನ್ನು ಓದೋರು ನಾವು.
'ಉಳಿಯೋದೇನೈತಿ' ಅಂತ ಮೊರ ಎತ್ತಿಕೊಂಡಳು.

ಎರಡನೇ ಸೆಮಿಸ್ಟರು, ಒಂದು ಮಂಗಳವಾರ
ಮಾಲತೇಶ ಸರ್ ಡಬ್ಬಿಯಲ್ಲಿ ಕಪ್ಪುಪುಡಿ ತಂದರು.
ಚಿಟಿಕೆ ಜಾಸ್ತಿ ಚೆಲ್ಲಿದರೆ ಮುಖ ಸಿಂಡರಿಸುತ್ತಾರೆ,
ದಿಲ್ಲಿಯಿಂದ ತರಿಸಿದ್ದಂತೆ, ಗ್ರಾಮಿನ ಲೆಕ್ಕ.
ನನಗೆ ನಗು.
ನಮ್ಮ ಮನೆಯ ಜಂತಿಗೆ, ಕುರಾನಿನ ಗೂಡಿಗೆ,
ಒಣಹಾಕಿದ ದುಪಟ್ಟಾದ ಅಂಚಿಗೆ
ಟೈರು ಸುಟ್ಟ ಮಸಿ ಬಿಟ್ಟಿಯಾಗಿ ಬಂದು ಕೂರುತ್ತದೆ.
ಆದರೆ ಆ ಬ್ರಷ್ಷು! ಅಳಿಲಿನ ಕೂದಲಿನದು.
ಗಾಜಿನ ಮೇಲೆ ಸುಮ್ಮನೆ ಆಡಿಸಿದರು,
ಏನೂ ಇಲ್ಲದ ಕಡೆಯಿಂದ ಹೆಬ್ಬೆರಳೊಂದು ಎದ್ದು ಬಂತು.
ಸುಳಿ. ಕುಣಿಕೆ. ಕಮಾನು.
'ನಮ್ಮ ಎಮ್ಮೆ ಹಣೆ ಮ್ಯಾಲೂ ಇಂಥದ್ದೇ ಸುಳಿ ಐತಿ ಸಾರ್'
ಅಂದ ತಿಪ್ಪೇರುದ್ರ ಗಂಟೆಯಿಡೀ ಹೊರಗೆ ನಿಂತ.

ಆ ವಾರವೇ ಮನೆಯಲ್ಲಿ ಕಳವು.
ಹಾರ್ಲಿಕ್ಸ್ ಬಾಟಲಿಯಲ್ಲಿ ಅಪ್ಪ ಸುರುಳಿ ಸುತ್ತಿಟ್ಟ
ಐನೂರರ ನೋಟು ನಾಲ್ಕಿರಬೇಕು, ಎರಡಿವೆ.
ದಾದಾಪೀರನ ಕೆನ್ನೆಗೆ ಬಿತ್ತು.
ಅಣ್ಣ ಒಂದು ಮಾತಾಡಲಿಲ್ಲ, ಚಪ್ಪಲಿ ಮೆಟ್ಟಿ
ರೈಲ್ವೆ ಗೇಟಿನ ಕಡೆ ಹೋದ.

ಬಾಟಲಿಯನ್ನು ಬಾಯಂಚಿನಲ್ಲಿ ಹಿಡಿದು ಹಿತ್ತಲಿಗೆ ಒಯ್ದೆ.
ಗೋಡೆಯ ಮಸಿ ಕೆರೆದು ಹಳೇ ಸೀರೆ ಚೂರಲ್ಲಿ ಸೋಸಿದೆ.
ಅಳಿಲು ಎಲ್ಲಿ ತರಲಿ,
ಅಣ್ಣನ ಶೇವಿಂಗ್ ಬ್ರಷ್ಷೇ ಆಯಿತು.

ಮೊದಲು ಬಂದದ್ದು ನಾನೇ.
ಆಮೇಲೆ ಇನ್ನೊಂದು:
ಎಡಗೈ ಹೆಬ್ಬೆರಳು, ಎಡಕ್ಕೆ ಹರಿದ ಕುಣಿಕೆ,
ನಡುವೆ ಅಡ್ಡ ಬಿದ್ದ ಬಿಳಿ ಗೆರೆ.
ಈಳಿಗೆಮಣೆಯ ಗಾಯ. ಆರನೇ ಕ್ಲಾಸಿನಲ್ಲಿದ್ದೆ,
ಅರಿಸಿನ ಒತ್ತಿ ಬಟ್ಟೆ ಸುತ್ತಿದ್ದು ನಾನೇ.
ಅಣ್ಣನದು ಒಂದು ಗೆರೆಯೂ ಇಲ್ಲ.

ಮುಚ್ಚಳದ ಸುತ್ತ ಬರೀ ಮಬ್ಬು, ಬೆರಳಗಲ.
ಶನಿವಾರ ಶನಿವಾರ ಬಟವಾಡೆ ತಂದು ಅದನ್ನು ತಿರುಗಿಸುವವನು ಅಪ್ಪ.
ದಾವಣಗೆರೆಯ ಅರ್ಧ ಊರು ಸಂಜೆ ಮಿರ್ಚಿ ಜೊತೆ ಮೆಲ್ಲುವುದನ್ನು
ಇಪ್ಪತ್ತೆಂಟು ವರ್ಷ ಕಾದ ಮರಳಲ್ಲಿ ಅರಳಿಸಿ
ಬೋಳಾದ ಬೆರಳು.
ರೇಷನ್ ಅಂಗಡಿಯ ಯಂತ್ರ ನಂಬುವುದಿಲ್ಲ,
'ಒರೆಸಿ ಇಡ್ರಿ ಹೊನ್ನೂರಸಾಬ್ರೇ, ಒತ್ತಿ ಇಡ್ರಿ.'
ನನ್ನ ಶಾಸ್ತ್ರದ ಪ್ರಕಾರವೂ ಈ ಬಾಟಲಿಯನ್ನು
ಅಪ್ಪ ಮುಟ್ಟಿಯೇ ಇಲ್ಲ.

ಹೋದ ವಾರ ಪರೀಕ್ಷೆ ಫೀಸಿಗೆ ಕೊನೆಯ ದಿನ.
ಅಮ್ಮ ಕೈಗಿಟ್ಟ ನೋಟು ಸುರುಳಿ ಬಿಡುತ್ತಿರಲಿಲ್ಲ,
ಕೌಂಟರಿನಾಕೆ ಎರಡು ಸಲ ತಟ್ಟಿ ಸಪಾಟು ಮಾಡಿದಳು.
ಆಗಲೇ ಗೊತ್ತಾಗಬೇಕಿತ್ತು.
ಎಂಥ ಓದು ನನ್ನದು.

ನೀರು ತಂದೆ. ಸೋಪು ತಂದೆ.
ತೊಳೆದೆ.

ರಾತ್ರಿ ಅಪ್ಪನ ಮುಂದೆ ನಿಂತು
ನಾನೇ ತೆಗೆದೆ ಅಂದೆ.
ಒಲೆಯ ಮುಂದಿದ್ದ ಅಮ್ಮ ತಿರುಗಲಿಲ್ಲ.
ರೊಟ್ಟಿ ಬಡಿಯುವ ಸದ್ದು ಮಾತ್ರ
ಒಂದು ಸಲ ತಪ್ಪಿ, ಮತ್ತೆ ಸರಿಹೋಯಿತು.

ಹನ್ನೊಂದಕ್ಕೆ ಅಣ್ಣ ಬಂದ. ಬ್ರಷ್ಷು ನೋಡಿದ.
ನನ್ನ ಉಗುರು ನೋಡಿದ.
'ಸಿಕ್ಕನೇನು ಕಳ್ಳ?'
ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.