ಥಡಿಯಸ್ ತೋರಿಸಿದ ದೀಪ

ಹೊರಡುವ ಮೊದಲು ಯೂಲಾಲಿಯ ಹಾಜರಿ:
ಈರುಳ್ಳಿ? ಬಂತು. ಜೋಳದ ಹಿಟ್ಟು? ಬಂತು. ಬೆಂಕಿಪೊಟ್ಟಣ?
ಬಂತು. ಐಸ್ ತುಂಡೂ ತೇಲದೆ ಮುಳುಗಿಹೋಗುವ
ಆ ಹಾಳು ರಮ್ಮು? ಅದು ನಮಗಿಂತ ಮೊದಲೇ ಬಂದು
ಹಲಗೆಯಡಿ ಗೋಣಿ ಹೊದ್ದು ಮಲಗಿತ್ತು.

ಕಣ್ಣಿನ ಮಾತು ಯಾರೂ ಎತ್ತಲಿಲ್ಲ.

ಥಡಿಯಸ್ಸನ ಅಪ್ಪ ಬಿಳಿ ಸೀಡರಿನ ಡೊಂಕು ಕೊಂಬೆ ಹುಡುಕಿ ಹುಡುಕಿ
ನಕ್ಷೆಯಿಲ್ಲದೆ, ಬರೀ ಕಣ್ಣಳತೆಯಲ್ಲಿ ಕಟ್ಟಿದ ದೋಣಿ.
ಕ್ಯಾರಿಯಕೂ ದಂಡೆಯಿಂದ ನೀರಿಗಿಳಿಸಿದ ದಿನ
ಊರಿಗೆ ಊರೇ ಹಗ್ಗ ಹಿಡಿದಿತ್ತು. ನನಗೆ ಆರು ವರ್ಷ.
ಎಳೆದೆನೋ, ಸುಮ್ಮನೆ ಜೋತುಬಿದ್ದಿದ್ದೆನೋ.

ಹೋದ ವರ್ಷದ ಬಿರುಗಾಳಿ ಊರಿನ ಮಾಡುಗಳನ್ನೆಲ್ಲ
ಇಸ್ಪೀಟೆಲೆ ಕಲಸಿದಂತೆ ಕಲಸಿ ಎಸೆದಾಗ
ಇವಳನ್ನು ಕಾಂಡ್ಲಾ ಕಾಡಿನ ಹೊಟ್ಟೆಗೆ ತಳ್ಳಿ
ಹದಿನಾಲ್ಕು ಹಗ್ಗ ಬಿಗಿದಿದ್ದೆವು.
ಚರ್ಚಿನ ಗಂಟೆ ಹೋಯಿತು, ನನ್ನ ಅಡುಗೆಮನೆ ಹೋಯಿತು,
ಇವಳ ಪಕ್ಕೆಗೆ ಒಂದು ಗೀರು.

ಅಂತೂ ನೀಲಿ ಟಾರ್ಪಾಲಿನ ಊರು ಹಿಂದಾಯಿತು.
ನಾಲ್ವರಿಗೂ ಸೇರಿ ಇನ್ನೂರ ಮೂವತ್ತೊಂದು ವರ್ಷ.
ಚುಕ್ಕಾಣಿ ಥಡಿಯಸ್ಸನದು, ಮುಂದಿನ ಹಾಯಿ ಡೆಲ್‌ರಾಯ್‌ದು,
ಮಾತು ಯೂಲಾಲಿಯದು. ನನ್ನದು ಹಳೇ ಬಣ್ಣದ ಡಬ್ಬಿ:
ಬುಡದಲ್ಲಿ ಒಸರುವ ನೀರು ಮೊಗೆದು ಚೆಲ್ಲುವ,
ನಲವತ್ತು ವರ್ಷದಿಂದ ಬಡ್ತಿಯಿಲ್ಲದ ನೌಕರಿ.

ಮೈರೋ ದ್ವೀಪ ದಾಟಿ ಹವಳದ ಸಾಲು ಹತ್ತಿರವಾದಾಗ
ಯೂಲಾಲಿ ಮೆಲ್ಲಗೆ ಎದ್ದು ದೋಣಿಯ ಮೂತಿಗೆ ಹೋಗಿ ಕೂತಳು,
ಬೆನ್ನು ನಮಗೆ ಮಾಡಿ, ಅಲೆಯ ಜೊತೆ ಹರಟುವವಳಂತೆ:
ಅಬ್ಬ, ಎಡಕ್ಕೆ ಎಂಥ ಹಸಿರು, ಪಾಚಿ ಕಟ್ಟಿದ ಬಾಟಲಿ ಥರ.
ನೇರ ಮುಂದೆ ಶಾಯಿ, ಗಟ್ಟಿ ಶಾಯಿ.
ಅಯ್ಯೋ ಬಲಕ್ಕೆ ಕಂದು. ಕಾಫಿ ಚೆಲ್ಲಿದಷ್ಟು ಕಂದು,
ಹತ್ತಿರ, ತೀರಾ ಹತ್ತಿರ.
ಥಡಿಯಸ್ ಕೇಳಿಸದವನ ಹಾಗೆ
ಚುಕ್ಕಾಣಿಯನ್ನು ಎರಡು ಬೆರಳಷ್ಟು ಸರಿಸಿದ.
ಮೂವತ್ತು ವರ್ಷ ಮಕ್ಕಳಿಗೆ ಬಣ್ಣ ಕಲಿಸಿದ ಟೀಚರು ಅವಳು;
ಇಷ್ಟು ಎಚ್ಚರದಿಂದ ಯಾವ ಮಗುವಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಆಮೆಗಳು ಬಂದವು, ಮೂಗೆತ್ತಿ ಉಸಿರು ಬಿಟ್ಟು
ಬಂದ ಕೆಲಸ ಮುಗಿಯಿತೆಂಬಂತೆ ಹೋದವು.
ಥಡಿಯಸ್ ಆ ಉಸಿರಿನ ಕಡೆಗೇ ಮುಖ ತಿರುಗಿಸಿದ,
ನಾವು ಕೈ ತೋರುವ ಮೊದಲೇ.

ಕ್ಲಿಫ್ಟನ್ ಬಂದರಿಗೆ ಬರುವಷ್ಟರಲ್ಲಿ ಕತ್ತಲು.
ಅಗೋ, ಬಂಡೆಸಾಲಿನ ಕಂಬದ ದೀಪ, ಎಂದ.
ಅಲ್ಲಿ ಕಂಬವೇ ಇರಲಿಲ್ಲ.
ಡೆಲ್‌ರಾಯ್ ನನ್ನನ್ನು ನೋಡಿದ, ನಾನು ಡಬ್ಬಿಯನ್ನು.
ಹೌದು, ಎಂದ ಡೆಲ್‌ರಾಯ್. ಚೆನ್ನಾಗಿ ಉರಿಯುತ್ತಿದೆ, ಎಂದೆ ನಾನು,
ಹೇಳಿದ ಸುಳ್ಳಿಗೆ ಎಣ್ಣೆ ಬತ್ತಿ ಇರಲಿ ಅಂತ.
ಯೂಲಾಲಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ,
ಯಾರೋ ಮೀನು ಹುರಿಯುತ್ತಿದ್ದಾರೆ, ವಾಸನೆ ಎಡಗಡೆಯಿಂದ, ಎಂದಳು.

ದಕ್ಕೆಯಲ್ಲಿ ಹಗ್ಗ ಹಿಡಿದ ಹುಡುಗ ಕೇಳಿದ:
ದೀಪದ ಕಂಬವನ್ನು ಬಿರುಗಾಳಿ ನುಂಗಿ ವರ್ಷವಾಯಿತು,
ಹೇಗೆ ಬಂದಿರಿ ಈ ಕತ್ತಲಲ್ಲಿ?
ಗೊತ್ತು ಮಗಾ, ಎಂದ ಥಡಿಯಸ್. ನಕ್ಕ,
ಕೆಮ್ಮು ಬರುವಷ್ಟು ನಕ್ಕ.
ಇವರು ಎಲ್ಲಿಯವರೆಗೆ ಹೌದು ಅನ್ನುತ್ತಾರೆ, ನೋಡಬೇಕಿತ್ತು.

ಆ ರಾತ್ರಿ ಯಾರಿಗೂ ಯಾರ ಮುಖ ನೋಡುವ ಧೈರ್ಯವಿಲ್ಲ.
ರಮ್ಮು ಮಾತ್ರ ಎಲ್ಲರ ಬಳಿಗೂ ಹೋಗಿಬಂತು.

ಬೆಳಿಗ್ಗೆ ಮರಳುವ ದಾರಿ. ಈಗ ಗಾಳಿ ಎಡಗೆನ್ನೆಗೆ.
ಬಾ ಇಲ್ಲಿ, ಎಂದ. ನನಗೇ.
ಕೈ ಹಿಡಿದು ಚುಕ್ಕಾಣಿಯ ಮೇಲಿಟ್ಟ.
ಕಣ್ಣು ಮುಚ್ಚು.
ಹಾಯಿ ತುಸು ನಡುಗಿದರೂ ಕಿವಿಗೆ ಮೊದಲು ತಿಳಿಯುತ್ತೆ.
ಗಾಳಿ ಕೆನ್ನೆ ಬಿಟ್ಟು ಮೂಗಿಗೆ ಬಂತೋ, ನೀನು ತಪ್ಪಿದೆ.
ಹಲ್ಲು ಕಚ್ಚಬೇಡ. ಬಿಡು, ಓಡಲಿ, ಅವಳಿಗೆ ಮನೆ ಗೊತ್ತು.

ಮತ್ತೆ ನೀರು ಯಾರು ಚೆಲ್ಲುತ್ತಾರೆ?
ಎಂದೆ, ಕಣ್ಣು ಮುಚ್ಚಿಕೊಂಡೇ.
ಉತ್ತರವಿಲ್ಲ.
ಹಲಗೆಯ ಮೇಲೆ ಅಂಗೈ ಸವರುವ ಸದ್ದು,
ಏನೋ ಉರುಳಿದ್ದು, ಒಂದು ಬೈಗುಳ,
ಆಮೇಲೆ ನನ್ನ ಡಬ್ಬಿ
ಬುಡದ ನೀರಿಗೆ ಇಳಿದ ಸಪ್ಪಳ.